ಎಲ್ಲಿ ಮುಟ್ಟಿತು, ಮೊದಲ ಅದನ್ನ ಹೇಳು

ಅಣ್ಣಾ,

ನಾ ಮಲ್ಲು. ಮೆಡಿಕಲ್ ಅಂಗಡಿಯ ಶಟರ್ ಅರ್ಧ ಎಳದು, ಕೌಂಟರ್ ಹಿಂದ ಕುಂತು ಇದನ್ನ ದಿನಾ ಒಂದಿಷ್ಟು ಬರಿಯಾಕತ್ತೇನಿ. ಶಹಾಪುರದ ಈ ಬಿಸಿಲಾಗ ಮಧ್ಯಾಹ್ನ ಗಿರಾಕಿ ಯಾರೂ ಬರಂಗಿಲ್ಲ. ನೀ ಹೋದ ಮ್ಯಾಲೆ ನಿನಗ ಪತ್ರ ಬರೀಬೇಕು ಅಂತ ಯಾವತ್ತೂ ಅನಿಸಿರಲಿಲ್ಲ. ಏನರೆ ಹೇಳೂದಿದ್ರ ಮರಡಿ ಹೊಲಕ್ಕ ಹೋಗಿ ನಿನ್ನ ಗದ್ದಿಗಿ ಬಾಜೂ ಕುಂತು ಹೇಳಿ ಬರ್ತಿದ್ದೆ. ಈಗ ಅಲ್ಲಿ ಹೋಗಿ ಬಾಯಿ ತಗದ್ರ ಮಾತಿನ ಬದಲಿ ಓಕರಿಕಿ ಬರ್ತೈತಿ. ಯಾರ ಮ್ಯಾಲೆ ಇಷ್ಟು ಹೇಸಿಗಿ ಅಂತ ಕೇಳ್ತಿ ಏನು? ಹೇಳ್ತೀನಿ. ಆದ್ರ ಅದು ನಿನ್ನ ಮನಿ ಮಾತು, ನಿನ್ನ ಮಗನ ಮಾತು. ಒಮ್ಮಿಗೇ ಹೇಳಾಕ ಬಾಯಿ ಬರವಲ್ದು.

ನೀ ಸಿಮೆಂಟ್ ಕಾರ್ಖಾನಿಯಿಂದ ರಿಟೈರ್ ಆಗಿ ಊರಿಗಿ ಬಂದ ದಿನ ನೆನಪಾಗ್ತೈತಿ. ಟೆಂಪೋದಿಂದ ಪಲಂಗ, ಕಪಾಟು, ಗ್ಯಾಸಿನ ಒಲಿ ಎಲ್ಲಾ ಹಮಾಲರು ಇಳಿಸಿದ್ರು. ಕಡೀಕ ನೀನೇ ಕೈಯಾಗ ಹಿಡದು ಇಳಿಸಿದ್ದು ಒಂದು ಉದ್ದನ ಚೀಲ. ಅದರಾಗಿಂದ ಕಬ್ಬಿಣದ ಮೂತಿಯ ಕೋಲುಗಳು ಇಣಕಾಕತ್ತಿದ್ವು. ಹಂದಿ ಹೊಡಿಯಾಕ ತಂದೀರೇನ್ರಿ ಅಂತ ಬಾಜೂ ಮನಿಯವರು ಕೇಳಿದ್ರು. ನೀಲಾ ವೈನಿ ಮಾರಿ ಸಣ್ಣದು ಮಾಡ್ಕೊಂಡು ಒಳಗ ಹೋದಳು. ಕಾರ್ಖಾನಿ ಕಾಲೊನ್ಯಾಗ ಗಾಲ್ಫ್ ಮೈದಾನ ಇತ್ತು, ಆಟಕ್ಕ ಒಬ್ಬರು ಕಡಿಮಿ ಬಿದ್ದಾಗ ಲ್ಯಾಬಿನ ಸೂಪರ್‌ವೈಸರ್ ಆದ ನಿನ್ನ ಕರೀತಿದ್ರು, ಹಂಗ ಕಲತದ್ದು ಅಂತ ನೀ ಹೇಳಿದಿ. ಗೋಗಿ ರೋಡಿನ ನಮ್ಮ ಮರಡಿ ಹೊಲದಾಗ, ಸಜ್ಜಿ ಸೈತ ಸರಿಯಾಗಿ ಬೆಳೀದ ಆ ಕಲ್ಲು ನೆಲದಾಗ ಗಾಲ್ಫ್ ಆಡ್ತೀನಿ ಅಂದ್ರ ಯಾರಿಗೆ ನಗಿ ಬರಂಗಿಲ್ಲ ಹೇಳು?

ನನಗ ಸಕ್ಕರಿ ಜಡ್ಡು ಹತ್ತಿದಾಗ ಡಾಕ್ಟರು ದಿನಾ ನಡೀರಿ ಅಂದ್ರು. ಗುಳಗಿ ಮಾರೂ ಮನಶಾಗೇ ಗುಳಗಿ ನುಂಗೂ ಪಾಳಿ ಬಂತಲ್ಲ ಅಂತ ನಾ ಮನ್ಯಾಗ ಎಲ್ಲಾರ ಮ್ಯಾಲೂ ಹರಿಹಾಯ್ತಿದ್ದೆ. ಬರೇ ನಡಿಯೂದು ಬ್ಯಾಸರ ಆಗ್ತೈತಿ, ನನ್ನ ಜೋಡಿ ಬಾ ಅಂದಿ ನೀ. ಇಬ್ಬರೂ ಕೂಡಿ ಕಲ್ಲು ಆರಿಸಿದ್ವಿ, ಜಾಲಿ ಕಡದ್ವಿ, ಹಾಲಿನ ಪುಡಿಯ ಡಬ್ಬಿ ನೆಲದಾಗ ಹುಗದು ಅದಕ್ಕ ಕುಣಿ ಅಂತ ಹೆಸರಿಟ್ವಿ. ಹುಲ್ಲಿಲ್ಲ, ಹಸಿರಿಲ್ಲ. ಎದುರಿಗೆ ಮಲಗಿದ ಬುದ್ಧನ ಗುಡ್ಡ, ಹಿಂದ ಒಂದು ಬೇವಿನ ಗಿಡ. ಅಷ್ಟರಾಗ ನಮ್ಮ ಆಟ.

ಮೊದಮೊದಲು ನಾ ಹೊಡದ ಹೊಡ್ತ ನೆನಸಿದ್ರ ಈಗಲೂ ನನ್ನ ಮಾರಿ ಕಿವುಚ್ತೈತಿ. ಚಂಡು ಇಲಿಯಂಗ ನೆಲ ಹಿಡದು ಓಡತಿತ್ತು, ಇಲ್ಲಾ ಬಲಕ್ಕ ಹಾರಿ ಜಾಲಿಯೊಳಗ ಸೇರತಿತ್ತು. ಪ್ರತೀ ಸಲ ಥೂ ಅಂತ ಉಗಳಿ ಕೋಲು ಒಗೀತಿದ್ದೆ. ರಾತ್ರಿ ಮೊಬೈಲಿನ್ಯಾಗ ವಿಡಿಯೊ ನೋಡಿ ಬರ್ತಿದ್ದೆ. ಒಬ್ಬ ಮೊಣಕೈ ನೆಟ್ಟಗ ಇಡು ಅಂತಿದ್ದ, ಒಬ್ಬ ಮೊಣಕಾಲು ಬಗ್ಗಿಸು ಅಂತಿದ್ದ, ಇನ್ನೊಬ್ಬ ತಲಿ ಅಳ್ಳಾಡಿಸಬ್ಯಾಡ ಅಂತಿದ್ದ. ಕೋಲು ಎತ್ತಿದ್ರ ಇವರೆಲ್ಲಾರೂ ನನ್ನ ತಲ್ಯಾಗ ಜಗಳಾಡತಿದ್ರು. ನನ್ನ ಮೈ ನನಗೇ ಯಾರದೋ ಹಳೇ ಸೈಕಲ್ ಹಂಗ ಅನಸ್ತಿತ್ತು. ಒಂದು ಕಡೆ ಬಿಗಿ ಮಾಡಿದ್ರ ಇನ್ನೊಂದು ಕಡೆ ಸಡಲಾಗೂದು. ನೀ ನೋಡತಿದ್ದಿ, ಏನೂ ಅನ್ನತಿರಲಿಲ್ಲ.

ಒಂದು ಮುಂಜಾನಿ ನಾ ಒಗದ ಕೋಲನ್ನ ನೀ ಎತ್ತಿ, ಅಂಗಿ ಚುಂಗಿನಿಂದ ಧೂಳಾ ಒರಿಸಿ, ತಿರುಗಿ ನನ್ನ ಕೈಯಾಗ ಕೊಟ್ಟಿ.

"ಚಂಡು ಎಲ್ಲಿ ಹೋತು ಅಂತ ಹೇಳಬ್ಯಾಡ, ನನಗೂ ಕಣ್ಣು ಅದಾವ," ಅಂದಿ. "ಕೋಲಿನ ಮೂತಿಗೆ ಅದು ಎಲ್ಲಿ ಮುಟ್ಟಿತು, ಮೊದಲ ಅದನ್ನ ಹೇಳು."

ನನಗ ಗೊತ್ತಿರಲಿಲ್ಲ. ಕೈಯಾಗ ಹಿಡದದ್ದು ನಾ, ಬೀಸಿದ್ದು ನಾ, ಮುಟ್ಟಿದ್ದು ಎಲ್ಲಿ ಅಂತ ನನಗೇ ಗೊತ್ತಿಲ್ಲ ಅಂದ್ರ ಹ್ಯಾಂಗ? ಮರುದಿನ ನೀ ನನ್ನ ಅಂಗಡಿಯಿಂದಲೇ ಕಾಲಿಗೆ ಹೊಡಿಯೂ ಬಿಳೇ ಪೌಡರಿನ ಡಬ್ಬಿ ತಂದಿ. ಕೋಲಿನ ಮೂತಿಗೆ ಫುಸ್ಸಂತ ಹೊಡದಿ. ಚಂಡು ತಾಗಿದಲ್ಲಿ ಪೌಡರ್ ಅಳಿಸಿ ದುಂಡನ ಗುರುತು ಬೀಳತಿತ್ತು. ಆದ್ರ ಹೊಡದ ಕೂಡ್ಲೇ ನೋಡಂಗಿಲ್ಲ ಅಂದಿ. ಮೊದಲ ಬಾಯಿಲೆ ಹೇಳಬೇಕು: ಮೂತಿಯ ಹಿಮ್ಮಡಿಗೆ, ಅಂದ್ರ ಕೋಲು ಕೂಡಿದ ಕಡೆ, ತಾಗಿತು, ತುದಿಗೆ ತಾಗಿತು, ಇಲ್ಲಾ ನಡುವ ತಾಗಿತು. ಆಮ್ಯಾಲೆ ಕೋಲು ತಿರುವಿ ನೋಡಬೇಕು. ನಾ ನಡುವ ಅಂದ್ರ ಗುರುತು ಹಿಮ್ಮಡ್ಯಾಗ ಇರತಿತ್ತು. ತುದಿ ಅಂದ್ರ ಮತ್ತ ಹಿಮ್ಮಡಿ. ನಿನಗ ನಗಿ ಬರತಿತ್ತು, ನನಗ ಸಿಟ್ಟು.

ಆ ಚಳಿಗಾಲದ ಮುಂಜಾವುಗಳು ನೆನಪಾದ್ರ ಈಗಲೂ ಬೆರಳು ಬೆಚ್ಚಗಾಗ್ತಾವ. ಹಿಡಿತ ಜರಾ ಸಡಲ ಬಿಡು, ಬಿಗಿ ಹಿಡದ್ರ ಸುದ್ದಿ ಕೋಲಿನ್ಯಾಗೇ ಸಾಯ್ತೈತಿ ಅಂದಿ. ಸಡಲ ಬಿಟ್ಟೆ. ಹಿಮ್ಮಡಿಗೆ ಬಡದ್ರ ಎಡಗೈಯ ಕಿರುಬೆರಳಿಗೆ ಝುಂ ಅಂತಿತ್ತು. ತುದಿಗೆ ಬಡದ್ರ ಕೋಲು ಅಂಗೈಯಾಗ ತಿರುಗಿಧಂಗ ಆಗತಿತ್ತು. ನಡುವ ಬಡದ್ರ ಏನೂ ಆಗತಿರಲಿಲ್ಲ. ಬೆಣ್ಣಿಯಾಗ ಚಾಕು ಹೋಧಂಗ, ಏನೂ ಇಲ್ಲ. ಆ ಏನೂ ಇಲ್ಲದ್ದನ್ನ ಗುರುತಿಸೂದೇ ಎಲ್ಲಾಕಿಂತ ತ್ರಾಸ ಆತು. ಆಮ್ಯಾಲೆ ನೆಲ. ಕೋಲು ಮೊದಲ ಚಂಡಿಗೆ ತಾಗಿತೋ ಮಣ್ಣಿಗೆ ತಾಗಿತೋ ಅದನ್ನೂ ಹೇಳು ಅಂದಿ. ಸುಣ್ಣದ ಗೆರಿ ಎಳದು ಗೆರಿ ಮ್ಯಾಲೆ ಚಂಡಿಟ್ಟಿ. ಗೆರಿ ದಾಟಿ ಮಣ್ಣು ಎದ್ರ ಬರಾಬರ್, ಗೆರಿ ಹಿಂದ ಎದ್ರ ತಪ್ಪು. ನೀ ನನ್ನ ಮೊಣಕೈ ತಿದ್ದಲಿಲ್ಲ, ಮೊಣಕಾಲಿಗೆ ಕೈ ಹಚ್ಚಲಿಲ್ಲ. ಬರೇ ಕೇಳತಿದ್ದಿ. ನಾ ಹೇಳತಿದ್ದೆ. ಬ್ಯಾಸಗಿ ಬರೂದರಾಗ ನನ್ನ ಮಾತು ಮತ್ತ ಕೋಲಿನ ಗುರುತು ಒಂದೇ ಆಗಾಕತ್ತಿದ್ವು. ಅದಾದ ಮ್ಯಾಲೆ ಗುರುತುಗಳೆಲ್ಲಾ ತಾವಾಗೇ ನಡುವಿಗೆ ಸರಿಯಾಕತ್ತಿದ್ವು. ನಾ ಏನೂ ಮಾಡಿರಲಿಲ್ಲ. ಚಂಡು ಬೇವಿನ ಗಿಡಾ ದಾಟಿ ಹಾರಿದ ದಿನ ನಾ ಸಣ್ಣ ಹುಡುಗರಂಗ ನಿನ್ನ ಹೆಗಲ ಹಿಡಕೊಂಡೆ. ನೀ ಆಗಲೂ ಎಲ್ಲಿ ಮುಟ್ಟಿತು ಅಂತ ಕೇಳಿದಿ.

ಇನ್ನೊಂದು ಮಾತು ಅಂದಿದ್ದಿ. ಒಂದು ಹೊಡ್ತ ಕೆಟ್ಟಾಗ ನಾ ಉಗಳಾಕ ಬಾಯಿ ತಗದಿದ್ದೆ. "ನಿನಗ ಹೇಸಿಗಿ ಭಾಳ ಜಲ್ದಿ ಬರ್ತೈತಿ, ಮಲ್ಲು," ಅಂದಿ. "ಅದು ಬಂದು ಕುಂತ್ರ ಮುಂದ ಏನೂ ಕಾಣಂಗಿಲ್ಲ. ಅದು ಬರೂಕಿಂತ ಮೊದಲ ಏನಾತು ಅಂತ ಕೇಳಿಸ್ಕೋ." ಅವತ್ತು ನಾ ಇದು ಆಟದ ಮಾತು ಅಂದ್ಕೊಂಡೆ.

ನೀ ಹೋದದ್ದು ಸುರಪುರದ ಬಸ್ಸಿನ್ಯಾಗ. ವೈನಿಯ ತವರಮನಿ ಮದಿವಿಗೆ ಹೊಂಟಿದ್ರಿ. ಸುಮ್ಮನ ಅಕಿ ಹೆಗಲಿಗೆ ತಲಿ ಹಚ್ಚಿದಿ, ನಿದ್ದಿ ಬಂದೈತಿ ಅಂತ ಅಕಿ ತಿಳಕೊಂಡಳು. ಬಸ್ ಸ್ಟ್ಯಾಂಡಿನ್ಯಾಗ ಇಳಸಾಕ ಹೋದ್ರ... ಅದನ್ನ ನಾ ಬರಿಯಂಗಿಲ್ಲ.

ನಿನ್ನ ಮರಡಿ ಹೊಲದಾಗೇ ಮಣ್ಣು ಮಾಡಿದ್ವಿ, ಬೇವಿನ ಗಿಡದ ಕೆಳಗ. ನಾಕು ಫರಸಿ ಕಲ್ಲು ತಂದು ಗದ್ದಿಗಿ ಮ್ಯಾಲೆ ಹಾಸಿದ್ವಿ, ತಲಿ ಕಡೆ ಒಂದು ಸಣ್ಣ ಲಿಂಗ ಇಟ್ವಿ. ಗೌಂಡಿ ಜೋಡಿ ನಾನೂ ಕೈ ಹಚ್ಚಿದ್ದೆ. ಮಳಿಗಾಲದಾಗ ಒಂದು ಕಲ್ಲಿನ ಕೆಳಗ ಮಣ್ಣು ಕುಸದು ಟೊಳ್ಳಾತು. ಆಟಕ್ಕ ಹೋದಾಗ ನಾ ಕೋಲಿನಿಂದ ಆ ಕಲ್ಲಿಗೆ ಒಮ್ಮಿ ಮೆಲ್ಲಗ ತಟ್ಟತಿದ್ದೆ, ಬಂದೇನಿ ಅಂತ. ಗಡಿಗಿ ತಟ್ಟಿದಂಗ ಸಪ್ಪಳ ಬರತಿತ್ತು. ಆಮ್ಯಾಲೆ ಪೌಡರ್ ಹೊಡದು, ಹೊಡ್ತ ಹೊಡದು, ಎಲ್ಲಿ ತಾಗಿತು ಅಂತ ನಿನಗ ಜೋರಾಗಿ ಹೇಳತಿದ್ದೆ. ರೋಡಿಗೆ ಹೋಗೂ ಆಟೋದವರು ನನಗ ತಲಿ ಕೆಟ್ಟೈತಿ ಅಂದ್ಕೊಂಡಿದ್ದಾರು. ಅಂದ್ಕೊಳ್ಳಲಿ.

ನನ್ನ ಮೊಣಕಾಲಿನ ಆಪರೇಶನ್ ಆಗಿ ನಾ ಮನ್ಯಾಗ ಬಿದ್ದಾಗ ನಿನ್ನ ಮಗ ವಿಶ್ವ ಸೇಬು ಹಣ್ಣು ಹಿಡಕೊಂಡು ಬಂದ. ಯಾದಗಿರಿ ಜಿಲ್ಲಾ ಆದ ಮ್ಯಾಲೆ ಅವನ ಪ್ಲಾಟಿನ ವ್ಯಾಪಾರ ಹ್ಯಾಂಗ ಬೆಳದೈತಿ ನಿನಗ ಗೊತ್ತೈತಿ. ಮರಡಿ ಹೊಲ ರೋಡಿಗೇ ಐತಿ, ಪಾರ್ಟನರ್ ಒಬ್ಬ ತಯಾರ್ ಅದಾನ, ಲೇಔಟ್ ಮಾಡ್ತೀನಿ ಅಂದ. ನಿನ್ನ ಪಾಲಿನ ಹೊಲ, ಅವನ ಹಕ್ಕು, ನಾ ಏನು ಅನ್ನಲಿ? ಗದ್ದಿಗಿ ಏನು ಮಾಡ್ತಿ ಅಂತ ಅಷ್ಟು ಕೇಳಿದೆ. ಅದಕ್ಕ ಧಕ್ಕಿ ಇಲ್ಲ ಕಾಕಾ, ಸುತ್ತ ಬೇಲಿ ಹಾಕಿ ಮಂಟಪ ಕಟ್ಟಿಸ್ತೀನಿ, ಲೇಔಟಿಗೆ ಅಪ್ಪನ ಹೆಸರೇ ಇಡ್ತೀನಿ ಅಂದ. ಕಣ್ಣಾಗ ನೀರು ತಂದ್ಕೊಂಡೇ ಹೇಳಿದ.

ಆಮ್ಯಾಲೆ ಅವರು ಹಂಚಿದ ಬಣ್ಣದ ಹಾಳಿ ನನ್ನ ಅಂಗಡಿಗೂ ಬಂತು. ಅದನ್ನ ಬಿಚ್ಚಿ ಕೌಂಟರಿನ ಮ್ಯಾಲೆ ಹರವಿದೆ ಅಣ್ಣ. ನಿನ್ನ ತಲಿ ತಗೊಂಡು ಯಾವನೋ ಬಿಳೇ ಮನಶ್ಯಾನ ಮೈಮ್ಯಾಲೆ ಅಂಟಿಸಿದ್ರು. ನೀಲಿ ಟೀ ಶರ್ಟ್, ಬಿಳೇ ಟೋಪಿ, ಹಿಂದ ಹಸಿರು ದಿಬ್ಬ, ಕೊಳ, ಬಾತುಕೋಳಿ. ಕುತಗಿ ಕೂಡಿದಲ್ಲಿ ಬಣ್ಣ ಬ್ಯಾರೆ ಬ್ಯಾರೆ. ಶಹಾಪುರದ ಮೊದಲ ಗಾಲ್ಫ್ ನಗರ ಅಂತ ದೊಡ್ಡ ಅಕ್ಷರ. ಆ ಬಾತುಕೋಳಿ ಎಲ್ಲಿಂದ ಬಂದ್ವು? ನೀ ಜೀವನದಾಗ ಟೀ ಶರ್ಟ್ ಹಾಕಿದ್ದನ್ನ ಯಾರು ನೋಡ್ಯಾರ?

ಉದ್ಘಾಟನೆ ದಿನ ವಿಶ್ವನೇ ಕಾರ್ ತಂದು ನನ್ನ ಮತ್ತ ವೈನಿನ್ನ ಕರಕೊಂಡು ಹೋದ. ಇಳದ್ರ ನನಗ ದಿಕ್ಕೇ ತಿಳೀಲಿಲ್ಲ. ಬೇವಿನ ಗಿಡ ಇಲ್ಲ. ಜಾಲಿ ಇಲ್ಲ. ಜೆಸಿಬಿ ಹಚ್ಚಿ ದಿಬ್ಬ ತಗ್ಗು ಎಲ್ಲಾ ಸಾಪ್ ಮಾಡಿ ಕೆಂಪು ಮುರುಮು ಹರವಿದ್ರು. ಒಂದು ಕಡೆ ಶಾಮಿಯಾನ, ಮೈಕು, ನೆಲದ ತುಂಬ ಚಾದ ಪ್ಲಾಸ್ಟಿಕ್ ಕಪ್ಪು, ಗುಟ್ಕಾದ ಉಗುಳು. ಗದ್ದಿಗಿ ಎಲ್ಲಪ್ಪಾ ಅಂತ ವೈನಿ ಕೇಳಿದಳು. ದೂರ ಒಂದು ತಗಡಿನ ಬೇಲಿ ತೋರಿಸಿ, ಅಲ್ಲೇ ಐತಿ ಅವ್ವಾ, ಕೆಲಸ ನಡದೈತಿ, ಧೂಳಾ ಐತಿ, ಆಮ್ಯಾಲೆ ಹೋಗೂಣು ಅಂದ. ಶಾಮಿಯಾನದ ಎದುರಿಗೆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಚಾಪಿ ಹಾಸಿದ್ರು. ಚಂಡು ಹೊಡಿಯೂ ಜಾಗ ಅಂತ. ಹೊಸ ಪ್ಲಾಸ್ಟಿಕ್ಕಿನ ವಾಸನಿ, ಅಂಟಿನ ವಾಸನಿ, ಅದರ ಮ್ಯಾಲೆ ಯಾರೋ ಹೊಡದ ಸೆಂಟಿನ ವಾಸನಿ.

ಮೊದಲ ಹೊಡ್ತ ಉದ್ಘಾಟನೆಗೆ ಕರಸಿದ್ದ ಲೀಡರ್ ಸಾಹೇಬರದು. ಕೋಲು ಬೀಸಿದ್ರು, ಚಂಡು ಇದ್ದಲ್ಲೇ ಇತ್ತು. ಮಂದಿ ಚಪ್ಪಾಳಿ ಹೊಡದ್ರು. ಮತ್ತ ಬೀಸಿದ್ರು, ಚಂಡು ಉರುಳಿ ಚಾಪಿ ಅಂಚಿಗೆ ನಿಂತಿತು. ಅದ್ಭುತ ಹೊಡ್ತ ಅಂತ ಮೈಕಿನವ ಕೂಗಿದ. ಫೋಟೋದವಗ ಸರಿಯಾಗಿ ಸಿಕ್ಕಿಲ್ಲ ಅಂತ ಬರೇ ಕೋಲು ಮ್ಯಾಲೆತ್ತಿ ನಿಂತ್ರು, ಅದಕ್ಕೂ ಚಪ್ಪಾಳಿ. ಚಂಡಿಗೆ ಕೋಲು ಸರಿಯಾಗಿ ಮುಟ್ಟೇ ಇಲ್ಲ ಅಂತ ಅಲ್ಲಿದ್ದ ಎಲ್ಲಾರಿಗೂ ಗೊತ್ತಿತ್ತು. ಯಾರ ಮಾರಿ ಮ್ಯಾಲೂ ಅದು ಕಾಣಲಿಲ್ಲ. ಅಷ್ಟರಾಗ ಮೈಕಿನ್ಯಾಗ ನನ್ನ ಹೆಸರು ಕರದ್ರು. ಸ್ವಂತ ತಮ್ಮ, ಅವರ ಶಿಷ್ಯ, ಅವರ ನೆನಪಿಗೆ ಒಂದು ಹೊಡ್ತ ಹೊಡೀತಾರ ಅಂತ. ನಿನ್ನ ಚೀಲಾನೂ ಅಲ್ಲೇ ತಂದಿಟ್ಟಿದ್ರು, ಹಾರ ಹಾಕಿ.

ನಾ ಏಳನೇ ನಂಬರಿನ ಕೋಲು ತಗೊಂಡು ಚಾಪಿ ಮ್ಯಾಲೆ ನಿಂತೆ. ಚಂಡಿಗೆ ಹೊಡಿಯೂಕಿಂತ ಮೊದಲ ಒಮ್ಮಿ ಬರೇ ಬೀಸಿ ನೆಲ ಸವರೂ ಚಟ ನೀ ಹಚ್ಚಿದ್ದಲ್ಲ? ಸವರಿದೆ. ಕೋಲಿನ ಮೂತಿ ಚಾಪಿಗೆ ತಾಗಿ ಹೋತು. ತಾಗಿದ್ದು ಮುರುಮಿಗೆ ಅಲ್ಲ. ಮುರುಮು ಇದ್ರ ಕೋಲು ಒಳಗ ಕೂಡತಿತ್ತು. ಕಾಂಕ್ರೀಟು ಇದ್ರ ಮೊಣಕೈತನಕ ಹೊಡೀತಿತ್ತು. ಇದು ನುಣ್ಣನ ಕಲ್ಲು. ಜರಾ ಮುಂದ ಸರದು ಮತ್ತ ಸವರಿದೆ. ಕೋಲು ಒಂದು ಸಂದಿಗೆ ಸಣ್ಣಗ ತೊಡರಿ ದಾಟಿತು. ಸಂದಿಯಾಚೆ ಗಡಿಗಿ ಸಪ್ಪಳ. ಪ್ಲಾಸ್ಟಿಕ್ ಕೆಳಗಿಂದ ಬಂದದ್ದು ಕಿವಿಗೆ ಕೇಳಿಸಿರಲಿಕ್ಕಿಲ್ಲ, ಆದ್ರ ಕೋಲು ಹತ್ತಿ ಬೆರಳಿಗೆ ಬಂತು. ನಾ ತಪ್ಪು ತಿಳಿಯೂದು ಆಗತಿತ್ತೇನು ಅಣ್ಣ? ಆ ಕಲ್ಲಿನ ಮ್ಯಾಲೆ ಅಷ್ಟು ಸಲ...

ವಿಶ್ವ ಬಾಜೂ ಇದ್ದ.

"ವಿಶ್ವ, ಇದರ ಕೆಳಗ ಏನೈತಿ?"

"ಹೊಡಿ ಕಾಕಾ, ಮಂದಿ ನೋಡಾಕತ್ತಾರ," ಅಂದ ಮೆಲ್ಲಗ.

ನಾ ಬಗ್ಗಿದೆ. ಹೊಸ ಮೊಣಕಾಲು ಬಗ್ಗಂಗಿಲ್ಲ, ಅದಕ್ಕ ಕುಂತೇ ಬಿಟ್ಟೆ. ಚಾಪಿ ಅಂಚು ಹಿಡದು ಎಳದೆ. ಅಂಟು ಬಿಡಲಿಲ್ಲ. ಕೋಲಿನ ಮೂತಿ ತೂರಿಸಿ ಮೀಟಿದೆ. ಚರ್ ಅಂತ ಹರದು ಬಂತು. ಕೆಳಗ ನಮ್ಮ ಫರಸಿ. ಅದರ ಮ್ಯಾಲೆ ಹಳದಿ ಅಂಟು ಕೀವಿನಂಗ ಎಳಿ ಎಳಿಯಾಗಿ ಹತ್ತಿತ್ತು. ತಲಿ ಕಡೆ ಲಿಂಗ ಇದ್ದಲ್ಲಿ ಸಿಮೆಂಟ್ ಮೆತ್ತಿದ್ರು, ಸಪಾಟಾಗಲಿ ಅಂತ. ನನ್ನ ಬಾಯಿಗೆ ಬಂದದ್ದನ್ನ ನಾ ಅಲ್ಲೇ ಬಾಜೂಕ ಹೊಳ್ಳಿ ಮುರುಮಿನ ಮ್ಯಾಲೆ ಕಕ್ಕಿದೆ. ಮೈಕಿನವ ಸಕ್ಕರಿ ಕಡಿಮಿ ಆಗಿರಬೇಕು ಅಂತ ಹೇಳಾಕತ್ತಿದ್ದ.

ಆ ಪಾರ್ಟನರ್ ಅನ್ನೂ ಮನಶ್ಯಾ ಬಂದು, ಕಲ್ಲು ಲೆವೆಲ್ ಇತ್ರಿ, ಒಳ್ಳೆ ತಳಾ ಸಿಕ್ಕಂಗಾತು ಅಂತ ಹಾಕಿಸೀವಿ, ಮಂಟಪ ಆ ಕಡೆ ಚೊಲೋ ಕಾಣ್ತೈತಿ ಅಂದ. ಚಾ ಕುಡಕೋತ ಹೇಳಿದ. ಅವನ ಮ್ಯಾಲೆ ನನಗ ಹೇಸಿಗಿ ಬಂತು, ಆದ್ರ ಅದು ಊರ ಗಟಾರದ ಮ್ಯಾಲೆ ಬಂಧಂಗ, ಮೂಗು ಮುಚ್ಚಿ ದಾಟಿ ಹೋಗೂ ಅಂಥಾದ್ದು. ದಾಟಿ ಹೋಗಾಕ ಆಗದಂಥಾ ಹೇಸಿಗಿ ಬಂದದ್ದು ನಿನ್ನ ಮಗನ ಮ್ಯಾಲೆ. ಅವ ನನ್ನ ಕಣ್ಣಾಗ ಕಣ್ಣಿಟ್ಟು, "ಅಪ್ಪಗ ಗಾಲ್ಫ್ ಅಂದ್ರ ಜೀವ ಇತ್ತಲ್ಲ ಕಾಕಾ, ಅದಕ್ಕ ಇಲ್ಲೇ ಆಡಲಿ ಅಂತ..." ಅಂದ. ನನಗ ಎಲ್ಲಾಕಿಂತ ಹೇಸಿಗಿ ಬಂದದ್ದು ಯಾವುದು ಗೊತ್ತೇನು? ಒಂದು ಕ್ಷಣ ನಾ ಅದನ್ನ ನಂಬಿದೆ. ಖರೇನ ಇದ್ದೀತು, ನಿನಗ ಇಷ್ಟ ಆದೀತು ಅಂತ ಅನಿಸಿತು. ಅಷ್ಟು ಚಂದ ಹೇಳಿದ್ದ.

ವೈನಿ ಯಾವಾಗ ಎದ್ದು ಬಂದಳೋ ನಾ ನೋಡಲಿಲ್ಲ. ಹೊಸಾ ಇಳಕಲ್ ಸೀರಿ ಉಟ್ಟಿದ್ದಳು. ಚಪ್ಪಲಿ ಬಿಟ್ಟಳು. ಹರದ ಚಾಪಿ ಸರಿಸಿ ಫರಸಿ ಮ್ಯಾಲೆ ಕುಂತಳು, ಅಂಟಿನ ಮ್ಯಾಲೇ. ಅಳಲಿಲ್ಲ. ಸೆರಗಿನ ತುದೀಲೆ ಕಲ್ಲು ಒರಿಸಾಕತ್ತಿದಳು. ವಿಶ್ವ ರಟ್ಟಿ ಹಿಡದು ಎಬ್ಬಿಸಾಕ ಬಂದ. "ಇದು ನನ್ನ ಗಂಡನ ಮೈ," ಅಂದಳು. "ನಾ ಇಲ್ಲಿಂದ ಏಳಂಗಿಲ್ಲ. ನಿನ್ನ ಮಂದಿನ್ನ ಕಳಿಸು." ಅಕಿ ದನಿ ಏರಿಸಲಿಲ್ಲ. ನೀ ಬಲ್ಲಿಯಲ್ಲ, ಅಕಿ ಸಣ್ಣ ದನಿಯಾಗ ಮಾತಾಡಿದ್ರ ಮನಿಗೆ ಮನಿಯೇ ಗಪ್ಪಾಗತಿತ್ತು. ಸಾಹೇಬರ ಕಾರುಗಳು ಒಂದರ ಹಿಂದ ಒಂದು ರೋಡಿಗೆ ಹತ್ತಿದ್ವು. ಮೈಕಿನವ ವೈರು ಸುತ್ತಿಕೊಂಡ. ನಾವಿಬ್ಬರೂ ಕುಂತಲ್ಲೇ ಕುಂತಿದ್ವಿ. ಬಿಸಿಲು ಏರಿ ಫರಸಿ ಕಾಯತು, ವೈನಿ ಏಳಲಿಲ್ಲ. ಚಾಪಿ ಪೂರಾ ಕಿತ್ತಿ ಒಯ್ದ ಮ್ಯಾಲೆ ಎದ್ದಳು.

ಅದಾದ ಮ್ಯಾಲೆ ನಡದದ್ದು ಹೇಳಾಕ ಸಣ್ಣದು. ಗದ್ದಿಗಿ ಇದ್ದ ಮೂಲಿ ಲೇಔಟಿನಿಂದ ಬಿಡಿಸಿ ವೈನಿ ತನ್ನ ಹೆಸರಿಗೆ ಮಾಡಿಸ್ಕೊಂಡಳು. ಮಗನ ಜೋಡಿ ಒಂದೇ ಮನ್ಯಾಗ ಇರ್ತಾಳ, ಬಡಸ್ತಾಳ, ಮಾತು ಮಾತ್ರ ಕಡಿಮಿ. ಪ್ಲಾಟುಗಳು ಮಾರಾಕತ್ತಾವ. ನಿನ್ನ ಹೆಸರು ಬೋರ್ಡಿನಿಂದ ತಗಸೀನಿ. ಅಷ್ಟಾದ್ರೂ ನಿನ್ನ ಮೂಲಿ ಬಾಜೂ ಮನಿ ಕಟ್ಟೂ ಮಂದಿ ಸಿಮೆಂಟಿನ ಖಾಲಿ ಚೀಲ, ಊಟದ ಎಲಿ ಎಲ್ಲಾ ಇತ್ಲಾಗೇ ಒಗೀತಾರ. ಲಿಂಗ ಸಿಗಲಿಲ್ಲ. ಯಾವ ಮುರುಮಿನ ಲಾರಿಯಾಗ ಹೋತೋ.

ನನ್ನ ಆಟದ ಹಕೀಕತ್ತೂ ಹೇಳಬೇಕು, ನೀ ಅದನ್ನೇ ಮೊದಲ ಕೇಳಾವ. ಗದ್ದಿಗಿ ಬಾಜೂ ಉಳದ ಪಟ್ಟಿಯಾಗ ಮತ್ತ ನಿಂತೆ. ಪೌಡರ್ ಹೊಡದೆ, ಚಂಡು ಹೊಡದೆ. ನಡುವ ಅಂದೆ, ಹಿಮ್ಮಡಿ. ಮತ್ತ ನಡುವ ಅಂದೆ, ಮತ್ತ ಹಿಮ್ಮಡಿ. ವಾರಗಟ್ಲೆ ಹಂಗೇ. ಕೈಗೆ ಸುದ್ದಿನೇ ಬರವಲ್ದು. ಅಂಟು, ಲಿಂಗ, ಲೀಡರ್ ಸಾಹೇಬರ ಎತ್ತಿದ ಕೋಲು, ಬಾತುಕೋಳಿ ಇವೆಲ್ಲಾ ಚಂಡಿಗಿಂತ ಮೊದಲ ಬಂದು ನಿಲ್ತಿದ್ವು. ಹೇಸಿಗಿ ಬೆರಳಿಗೆ ಗವುಸು ಹಾಕಿಧಂಗ ಆಗಿತ್ತು. ನೀ ಅಂದದ್ದು ಆಟದ ಮಾತಲ್ಲ ಅಂತ ಅವಾಗ ತಿಳೀತು. ಬರೇ ಥೂ ಅಂತಿದ್ದೆ, ಏನಾತು ಅಂತ ಯಾರ ಮುಂದೂ ಸರಿಯಾಗಿ ಒಂದು ಸಲ ಹೇಳಿರಲಿಲ್ಲ. ವೈನಿ ಮುಂದ ಹೇಳೂದೇನು, ಅಕಿ ಅಲ್ಲೇ ಇದ್ದಳು. ಅದಕ್ಕ ನಿನಗ ಬರಿಯಾಕ ಕುಂತೆ. ಹೇಸಿಗಿ ಹೋಗೈತಿ ಅಂತ ಹೇಳಂಗಿಲ್ಲ. ಬರೀತಾ ಬರೀತಾ ಮೂರು ಸಲ ಎದ್ದು ನೀರು ಕುಡದೇನಿ. ಆದ್ರ ಇವತ್ತು ಮುಂಜಾನಿ ಹಿಮ್ಮಡಿ ಅಂದೆ, ನೋಡಿದ್ರ ಹಿಮ್ಮಡಿನೇ ಇತ್ತು. ಕೆಟ್ಟ ಹೊಡ್ತ, ಖರೇ ಮಾತು.

ಇನ್ನ ಸುದ್ದಿ. ಮೊನ್ನಿ ವಿಶ್ವ ಅಂಗಡಿಗೆ ಬಂದಿದ್ದ, ವೈನಿಯ ಬಿಪಿ ಗುಳಗಿ ಒಯ್ಯಾಕ. ಅವತ್ತಿನಿಂದ ಆಳಿನ ಕೈಲೆ ತರಸ್ತಿದ್ದ, ತಾ ಬಂದಿರಲಿಲ್ಲ. ನಾ ಮಾರಿ ನೋಡದೇ ಗುಳಗಿ ಕಟ್ಟಿ ಇಟ್ಟೆ. ಅವ ತಗೊಳ್ಳಲಿಲ್ಲ. ಕೌಂಟರಿನ ಗಾಜಿನ ಮ್ಯಾಲೆ ಎರಡೂ ಕೈ ಊರಿ ನಿಂತ. ಕೈ ನಿನ್ನಂಥಾವೇ ಅದಾವ, ಅದೊಂದು ನೋಡಬಾರದಿತ್ತು ನಾ.

"ಕಾಕಾ, ಆ ಚಾಪಿ ಅಪ್ಪಗ ಇಷ್ಟ ಅಂತ ಹಾಕಿಸಿದ್ದು ಅಲ್ಲ," ಅಂದ. "ಕಲ್ಲು ಕಂಡ್ರ ಮಂದಿ ಪ್ಲಾಟ್ ತಗೊಳ್ಳಂಗಿಲ್ಲ ಅಂತ ಪಾರ್ಟನರ್ ಅಂದ. ಮುಚ್ಚು ಅಂತ ಹೇಳಿದ್ದು ನಾನೇ. ಲಿಂಗ ಕಿತ್ತಿದ್ದೂ ನನ್ನ ಕಣ್ಮುಂದೇ."

ಸಮಾಧಾನ ಹೇಳಾಕ ನನಗ ಬರಲಿಲ್ಲ, ಬೈಯಾಕೂ ಬರಲಿಲ್ಲ. ಇದನ್ನ ನಿಮ್ಮ ಅವ್ವಗ ಹೇಳಿದೇನು ಅಂತ ಕೇಳಿದೆ. ಮುಂಜಾನಿ ಹೇಳಿ ಬಂದೇನಿ, ಅಕಿ ರೊಟ್ಟಿ ಬಡಿಯೂದು ನಿಲ್ಲಿಸಿ ನಿಮ್ಮಪ್ಪಗ ಹೋಗಿ ಹೇಳು ಅಂದಳು, ನನಗ ಒಬ್ಬವಗ ಅಲ್ಲಿಗೆ ಹೋಗಾಕ ಕಾಲು ಬರವಲ್ದು ಕಾಕಾ ಅಂದ.

ಬರೂ ಸೋಮವಾರ ಮುಂಜಾನಿ ನಾ ಅವನ್ನ ಕರಕೊಂಡು ಬರ್ತೀನಿ, ಅಣ್ಣ. ನಾ ರೋಡಿನ ಕಡೆ ನಿಂತಿರ್ತೀನಿ, ನಿಮ್ಮ ನಡುವ ಬರಂಗಿಲ್ಲ. ಅವಗ ಮಾತು ಬರದಿದ್ರ ಅವಸರ ಮಾಡಬ್ಯಾಡ. ನಿನ್ನ ಮಗ ಬರಾಕತ್ತಾನ, ಇಷ್ಟು ನಿನಗ ಮೊದಲೇ ಗೊತ್ತಿರಲಿ.

ನಿನ್ನ ತಮ್ಮ,
ಮಲ್ಲು